ಕಳಚಿ ಕೂಡಿಸುವ ದೇವಿ



ಗ್ರಾಮದೇವತೆಯ ಪರಂಪರೆಯನ್ನು ಕುರಿತು ಈ ದತ್ತಿ ಉಪನ್ಯಾಸದಲ್ಲಿ ಮಾತಾಡಬೇಕು ಎಂದು ನೀವು ಕರೆದಿರಿ. ಆ ವಿಷಯದ ಅಗಲ ನಿಮಗೆ ಗೊತ್ತು. ಹಳೆ ಮೈಸೂರು ಕಡೆ ಮಾರಮ್ಮ, ಬಳ್ಳಾರಿ ದಾವಣಗೆರೆ ಕಡೆ ಊರಮ್ಮ, ಧಾರವಾಡ ಸೀಮೆಯಲ್ಲಿ ದ್ಯಾಮವ್ವ ದುರ್ಗವ್ವ, ಕರಾವಳಿಯಲ್ಲಿ ಮಾರಿ. ಇವರೆಲ್ಲರ ಗುಡಿಗೂ ಒಂದೊಂದು ನಮಸ್ಕಾರ ಹಾಕುತ್ತ ಹೋದರೆ ಸಂಜೆ ಮುಗಿಯುತ್ತದೆ, ಮಾತು ಎಲ್ಲಿಯೂ ನಿಲ್ಲುವುದಿಲ್ಲ. ಹಾಗಾಗಿ ಒಂದೇ ಗುಡಿಯನ್ನು ಹಿಡಿದಿದ್ದೇನೆ. ಅದು ಶಿರಸಿಯ ಮಾರಿಕಾಂಬೆ.

ಶಿರಸಿ ಹಳ್ಳಿಯಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಈಗದು ಘಟ್ಟದ ಮೇಲಿನ ದೊಡ್ಡ ಪೇಟೆ, ಅಡಿಕೆ ವ್ಯಾಪಾರದ ಕೇಂದ್ರ. ದೇವಿಯ ಜಾತ್ರೆಗೆ ಜಿಲ್ಲೆ ದಾಟಿ ಜನ ಬರುತ್ತಾರೆ. ಆದರೂ ಅವಳ ನಡಾವಳಿಯೆಲ್ಲ ಹಳ್ಳಿಯ ದೇವಿಯದೇ. ಅವಳಿಗೆ ಊರ ಗಡಿ ಬೇಕು, ಊರಿನ ಕಸುಬುದಾರರು ಬೇಕು, ತವರು ಬೇಕು, ಗಂಡನ ಕತೆ ಬೇಕು, ಕೋಣ ಬೇಕು. ಪುರಾಣದ ದುರ್ಗೆಗೆ ಇವುಗಳಲ್ಲಿ ಕೋಣ ಒಂದಿದ್ದರೆ ಸಾಕಾಗಿತ್ತು.

ಅವಳು ಮರದ ದೇವಿ. ಏಳು ಅಡಿಯಷ್ಟು ಎತ್ತರದ, ಎಂಟು ಕೈಗಳ, ಕೆಂಪು ಬಣ್ಣದ ವಿಗ್ರಹ. ಕಾಲಡಿಯಲ್ಲಿ ಮಹಿಷ. ಶಿಲೆಯ ದೇವರನ್ನು ನೋಡಿ ಅಭ್ಯಾಸವಾದ ಕಣ್ಣಿಗೆ ಈ ಮರದ ಮೈ ಮೊದಲು ಒಂದು ಸ್ಥಳೀಯ ವಿಶೇಷದಂತೆ ಕಾಣುತ್ತದೆ. ನನ್ನ ಇವತ್ತಿನ ವಾದವೆಲ್ಲ ನಿಂತಿರುವುದು ಆ ಮರದ ಮೇಲೆಯೇ. ಶಿಲೆ ತನ್ನಷ್ಟಕ್ಕೆ ಉಳಿಯುತ್ತದೆ. ಮರಕ್ಕೆ ಹುಳ ಬೀಳುತ್ತದೆ, ಬಣ್ಣ ಏಳುತ್ತದೆ, ಘಟ್ಟದ ಮಳೆಗಾಲಕ್ಕೆ ಸಂದು ಸಡಿಲವಾಗುತ್ತದೆ. ಅದು ಉಳಿಯಬೇಕಾದರೆ ಪದೇ ಪದೇ ಯಾರಾದರೂ ಕೈ ಹಾಕಲೇಬೇಕು.

ಮೊದಲು ಅವಳು ಬಂದ ಕತೆ. ಜನ ಹೇಳುವುದು ಹೀಗೆ: ಹಾನಗಲ್ಲಿನಲ್ಲಿ ದೇವಿಯ ಜಾತ್ರೆ ನಡೆದ ಮೇಲೆ ವಿಗ್ರಹದ ಭಾಗಗಳನ್ನೂ ಒಡವೆಯನ್ನೂ ಪೆಟ್ಟಿಗೆಯಲ್ಲಿಟ್ಟಿದ್ದರು. ಕಳ್ಳರು ಆ ಪೆಟ್ಟಿಗೆ ಹೊತ್ತು ತಂದರು, ಶಿರಸಿಯ ಹತ್ತಿರ ಒಡವೆ ಹಂಚಿಕೊಂಡರು, ಪೆಟ್ಟಿಗೆಯನ್ನು ಕೆರೆಗೆ ನೂಕಿದರು. ಇತ್ತ ಶಿರಸಿಯ ಭಕ್ತನೊಬ್ಬ ವರ್ಷವರ್ಷವೂ ಚಂದ್ರಗುತ್ತಿಯ ಜಾತ್ರೆಗೆ ಹೋಗುತ್ತಿದ್ದ. ಒಂದು ಸಲ ಅಲ್ಲಿ ಜಗಳವಾಗಿ ಮನಸ್ಸು ಮುರಿಯಿತು. ಇನ್ನು ಅಲ್ಲಿಗೆ ಹೋಗುವುದಿಲ್ಲ ಎಂದು ಮನೆಯಲ್ಲೇ ದೇವಿಯನ್ನು ಪೂಜಿಸುತ್ತ ಕುಳಿತ. ಅವನ ಕನಸಿಗೆ ಬಂದವಳು, ತಾನು ಹಾನಗಲ್ಲಿನ ದ್ಯಾಮವ್ವ, ನಿಮ್ಮೂರ ಕೆರೆಯಲ್ಲಿದ್ದೇನೆ, ಎತ್ತಿ ನಿಲ್ಲಿಸಿ ಎಂದಳು. ಕೆರೆಯಲ್ಲಿ ಹುಡುಕಿದರೆ ಪೆಟ್ಟಿಗೆ ಸಿಕ್ಕಿತು. ಅದೇ ಕೆರೆ ಇವತ್ತಿನ ದೇವಿಕೆರೆ.

ಇದರಲ್ಲಿ ಇತಿಹಾಸ ಎಷ್ಟು ಎಂದು ಜರಡಿ ಹಿಡಿಯಲು ನನಗೆ ಆಸೆಯಿಲ್ಲ. ಕತೆ ತಾನಾಗಿ ಒಪ್ಪಿಕೊಳ್ಳುವ ಎರಡು ಸಂಗತಿ ಮಾತ್ರ ನನಗೆ ಮುಖ್ಯ. ಒಂದು, ದೇವಿ ಇಲ್ಲಿಯವಳಲ್ಲ, ಬಯಲುಸೀಮೆಯಿಂದ ಬಂದವಳು. ಅವಳ ನಂಟು ದ್ಯಾಮವ್ವನ ಬಳಗದ ಜತೆ. ಶಿರಸಿ ಮತ್ತು ಹಾನಗಲ್ಲು ಈಗ ಬೇರೆ ಬೇರೆ ಜಿಲ್ಲೆ. ಆದರೆ ಘಟ್ಟದ ಅಡಿಕೆ, ಮೆಣಸು ಕೆಳಗೂ ಮೂಡಲಿಗೂ ಹೋಗುತ್ತಿದ್ದ ಹಾದಿಯಲ್ಲಿ ಜೋಳ, ಎತ್ತು, ದೇವಿ ಎಲ್ಲವೂ ಮೇಲೆ ಬರುತ್ತಿದ್ದವು. ಎರಡನೆಯದು, ಅವಳು ಬಂದದ್ದೇ ಬಿಡಿಭಾಗಗಳಾಗಿ. ಪೆಟ್ಟಿಗೆಯಲ್ಲಿ ಕೈ ಬೇರೆ, ಕಾಲು ಬೇರೆ, ರುಂಡ ಬೇರೆ. ಶಿರಸಿಯ ಜನ ಅವಳನ್ನು ಕಂಡು ಕೈಮುಗಿಯುವುದಕ್ಕೂ ಮುಂಚೆ ಕೂಡಿಸಬೇಕಾಯಿತು.

ಪ್ರತಿಷ್ಠೆಯ ವರ್ಷ ಕೆಲವು ಕಡೆ 1688 ಎಂದೂ ಕೆಲವು ಕಡೆ 1689 ಎಂದೂ ಅಚ್ಚಾಗಿದೆ. ಪರಂಪರೆ ಹೇಳುವ ಲೆಕ್ಕ ಶಾಲಿವಾಹನ ಶಕೆ 1611, ಶುಕ್ಲ ಸಂವತ್ಸರ, ವೈಶಾಖ ಮಾಸ. ಸಂವತ್ಸರ ಚಕ್ರವನ್ನು ಹಿಂದಕ್ಕೆ ಎಣಿಸಿದರೆ ಶುಕ್ಲ ಬೀಳುವುದು 1689ಕ್ಕೆ. ಹಾಗಾಗಿ ನಾನು 1689ರ ಪಕ್ಷ. ಆಗ ಆಳುತ್ತಿದ್ದವರು ಸೋದೆಯ ಅರಸರು, ಅವರ ಒಪ್ಪಿಗೆಯಿಂದಲೇ ಗುಡಿಯಾಯಿತು. ಸೋದೆಯ ಸುತ್ತಮುತ್ತ ವಾದಿರಾಜರ ಮಠವಿದೆ, ಸ್ವರ್ಣವಲ್ಲಿಯ ಅದ್ವೈತ ಮಠವಿದೆ, ಜೈನ ಮಠವೂ ಇದೆ. ಮೂರು ಮತದ ಮಠಗಳು ಒಂದೇ ಸೀಮೆಯಲ್ಲಿ ಇರುವಾಗಲೂ ಸೀಮೆಗೆಲ್ಲ ಅಮ್ಮನಾದವಳು ಮಾರಿಯೇ. 1764ರ ಹೊತ್ತಿಗೆ ಹೈದರಾಲಿಯ ಕೈಯಲ್ಲಿ ಸೋದೆ ಮುಗಿಯಿತು, ಆಮೇಲೆ ಇಂಗ್ಲಿಷರು ಬಂದರು, 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರಲ್ಲಿ ನಮ್ಮ ಜತೆ ಕೂಡಿತು. ದೇವಿಯ ಲೆಕ್ಕದಲ್ಲಿ ಇವೆಲ್ಲ ಬಾಡಿಗೆದಾರರು ಬದಲಾದಂತೆ.

ಈಗ ಕಳಚುವ ವಿಚಾರಕ್ಕೆ ಬರುತ್ತೇನೆ.

ಎರಡು ವರ್ಷಕ್ಕೊಮ್ಮೆ ಶಿರಸಿಯ ಜಾತ್ರೆ. ಅದರ ಆಚೀಚೆ ದೇವಿಯ ವಿಸರ್ಜನೆಯಾಗುತ್ತದೆ. ವಿಗ್ರಹದ ಭಾಗಗಳನ್ನು ಕಳಚುತ್ತಾರೆ, ದುರಸ್ತಿ ಮಾಡುತ್ತಾರೆ, ಬಣ್ಣ ಹಚ್ಚುತ್ತಾರೆ. ಜಾತ್ರೆಯ ಒಂಬತ್ತು ದಿನ ಅವಳು ಪೂರ್ಣರೂಪದಲ್ಲಿರುತ್ತಾಳೆ, ಎರಡನೆಯ ದಿನದಿಂದ ಊರ ನಡುವಿನ ಗದ್ದುಗೆಯಲ್ಲಿ. ಜಾತ್ರೆ ಮುಗಿದ ಮೇಲೆ ಗುಡಿಯಲ್ಲಿ ಅವಳ ದರ್ಶನವಿಲ್ಲ. ಯುಗಾದಿಯ ದಿನ ಪುನಃಪ್ರತಿಷ್ಠೆ. 2024ರ ಜಾತ್ರೆ ಮಾರ್ಚ್ 19ರಿಂದ 27ರವರೆಗೆ ನಡೆಯಿತು, ಯುಗಾದಿ ಬಂದದ್ದು ಏಪ್ರಿಲ್ 9ಕ್ಕೆ. ನಡುವಿನ ಆ ದಿನಗಳಲ್ಲಿ ಶಿರಸಿಯಲ್ಲಿ ಅಮ್ಮ ಇಲ್ಲ. ಊರಿನವರು ಅದನ್ನು ಸಹಜವಾಗಿಯೇ ಹೇಳುತ್ತಾರೆ. ಹೊರಗಿನಿಂದ ಹೋದವರಿಗೆ ಮಾತ್ರ ಇಷ್ಟು ದೊಡ್ಡ ಗುಡಿ, ಒಳಗೆ ದೇವರಿಲ್ಲವೇ ಎಂದು ಗಾಬರಿ.

ದತ್ತಿಯ ನಿಯಮ ಈ ಸಭೆಗೆ ಹೇಳಿಕೊಡಬೇಕಾಗಿಲ್ಲ. ಅಸಲು ಮುಟ್ಟಬಾರದು, ಬಡ್ಡಿಯಲ್ಲಿ ಕಾರ್ಯ ನಡೆಯಬೇಕು. ನಾವು ಪರಂಪರೆ ಎಂದು ಕರೆಯುವುದನ್ನೆಲ್ಲ ಹಾಗೆಯೇ ಯೋಚಿಸುತ್ತೇವೆ: ಹಿರಿಯರು ಇಟ್ಟ ಅಸಲು ಒಂದಿದೆ, ನಮ್ಮ ಕೆಲಸ ಅದು ಕರಗದಂತೆ ನೋಡಿಕೊಳ್ಳುವುದು. ಶಿರಸಿಯಲ್ಲಿ ಈ ಲೆಕ್ಕ ತಲೆಕೆಳಗು. ಅಸಲನ್ನೇ ಬಿಚ್ಚಿ ಹರವಿ ಮತ್ತೆ ಕೂಡಿಸುತ್ತಾರೆ. ಹಾಗಾದರೆ ಅಲ್ಲಿ ಕೆಡದೆ ಉಳಿದು ಬಂದದ್ದು ಯಾವುದು?

ಉತ್ತರ ಆ ಊರಿನದೇ ಒಂದು ಮಾತಿನಲ್ಲಿದೆ. ಗುಡಿಯ ಕಾರ್ಯಗಳಲ್ಲಿ ವಂಶಪಾರಂಪರ್ಯವಾಗಿ ಪಾಲಿರುವವರನ್ನು ಶಿರಸಿಯಲ್ಲಿ ಬಾಬುದಾರರು ಎನ್ನುತ್ತಾರೆ. ಒಂದೊಂದು ಮನೆತನಕ್ಕೆ, ಒಂದೊಂದು ಕಸುಬಿನವರಿಗೆ ಒಂದೊಂದು ಬಾಬು. ನಾಡಿಗರ ಮನೆ ದೇವಿಯ ತವರಿನ ಸ್ಥಾನದಲ್ಲಿ ನಿಲ್ಲುತ್ತದೆ. ಮರಗೆಲಸದವರಿಗೆ ಮರದ ಕೆಲಸ, ಬಣ್ಣದವರಿಗೆ ಬಣ್ಣ, ಮೇದಾರರಿಗೆ ಬಿದಿರು, ಅಸಾದಿಗಳಿಗೆ ಹಾಡು ಮತ್ತು ರಾತ್ರಿಯ ಶಾಸ್ತ್ರಗಳು. ಇದು ಗೌರವವೂ ಹೌದು, ಹೊರೆಯೂ ಹೌದು. ಬಾಬು ಇದ್ದವನು ಆ ವರ್ಷ ಮನಸ್ಸಿಲ್ಲ ಎಂದು ಮನೆಯಲ್ಲಿ ಕೂರುವಂತಿಲ್ಲ. ಬಣ್ಣ ಎಷ್ಟೋ ಸಲ ಬದಲಾಗಿದೆ, ರಥಕ್ಕೆ ಹೊಸ ಮರ ಬಿದ್ದಿದೆ. ಯಾರು ಯಾವ ಕೆಲಸಕ್ಕೆ ಕೈ ಹಾಕಬೇಕು ಎಂಬ ಹಂಚಿಕೆ ಮಾತ್ರ ಕೈಯಿಂದ ಕೈಗೆ ಬಂದಿದೆ. ದೇವಿಯ ಮೈ ಎಂದರೆ ಆ ಹಂಚಿಕೆಯೇ.

ಈ ಹಂಚಿಕೆ ಶಿರಸಿಗೆ ಮಾತ್ರ ಸೇರಿದ್ದಲ್ಲ. ಧಾರವಾಡ ಸೀಮೆಯ ಅನೇಕ ಊರುಗಳಲ್ಲಿ ದ್ಯಾಮವ್ವನ ಪೂಜಾರಿಕೆ ಬಡಿಗೇರರದು. ಯಾರು ಕೆತ್ತಬಲ್ಲರೋ ಅವರೇ ಪೂಜಿಸುವವರು. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಗೆ ತವರುಮನೆ ಗುಡಿ, ಗಂಡನಮನೆ ಗುಡಿ ಎಂದು ಎರಡು ಗುಡಿಗಳೇ ಇವೆ. ಅಮ್ಮ ತವರಿನಿಂದ ಹೊರಟು ಗಂಡನ ಮನೆಗೆ ಬರುತ್ತಾಳೆ. ಆ ದಿನ ಸಾಗರದ ಬೀದಿಯಲ್ಲಿ ಉಡಿ ತುಂಬಲು ನಿಂತ ಹೆಂಗಸರ ಸಾಲನ್ನು ನೋಡಿದವರಿಗೆ ದೇವಿ ಮತ್ತು ಮನೆಮಗಳು ಎಂಬ ಎರಡು ಶಬ್ದಗಳ ನಡುವೆ ಗೆರೆ ಎಳೆಯುವುದು ಕಷ್ಟ.

ಜಾತ್ರೆಯ ಕ್ರಮವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಪತ್ರಿಕೆಗಳಲ್ಲಿ ಬರುವುದು ರಥ ಎಳೆಯುವ ಒಂದು ಚಿತ್ರ ಮಾತ್ರ. ರಥ ಹೊರಡುವುದಕ್ಕೆ ವಾರಗಟ್ಟಲೆ ಮೊದಲೇ ಮಂಗಳವಾರ, ಶುಕ್ರವಾರಗಳಲ್ಲಿ ಹೊರಬೀಡುಗಳು ನಡೆಯುತ್ತವೆ. ದೇವಿ ಗುಡಿಯಿಂದ ಹೊರಬಿದ್ದು ಊರ ದಿಕ್ಕುಗಳನ್ನು ಮುಟ್ಟಿ ಬರುವ ಶಾಸ್ತ್ರ ಇದು. ರಥಕ್ಕೆ ಮರ ಗುರುತಿಸಿ, ಪೂಜೆ ಮಾಡಿ, ಕಚ್ಚು ಹಾಕುತ್ತಾರೆ. ಆಮೇಲೆ ಅಂಕೆ ಹಾಕುವುದು. ಅಂಕೆ ಬಿದ್ದ ಮೇಲೆ ಊರು ಶಿಸ್ತಿಗೆ ಬರುತ್ತದೆ, ಮಂಗಳಕಾರ್ಯಗಳು ನಿಲ್ಲುತ್ತವೆ. ದೇವಿಯ ಮದುವೆ ಇರುವಾಗ ಊರಲ್ಲಿ ಇನ್ನೊಂದು ಮದುವೆ ಯಾಕೆ ಎಂಬುದು ಇದರ ಹಿಂದಿನ ತರ್ಕ. ಬಯಲುಸೀಮೆಯ ಹಳ್ಳಿಗಳಲ್ಲಿ ಇದಕ್ಕೆ ವಾರ ಹಿಡಿಯುವುದು ಎನ್ನುತ್ತಾರೆ. ಹಿಡಿದ ವಾರ ನೇಗಿಲು ಕಟ್ಟುವಂತಿಲ್ಲ, ಎಷ್ಟೋ ಮನೆಯಲ್ಲಿ ರೊಟ್ಟಿ ಬಡಿಯುವುದೂ ಇಲ್ಲ.

ಮಂಗಳವಾರ ರಾತ್ರಿ ದೇವಿಯ ಕಲ್ಯಾಣ. ಬುಧವಾರ ಬೆಳಿಗ್ಗೆ ಅವಳು ರಥವೇರಿ ಊರ ನಡುವಿನ ಬಿಡಕಿಬೈಲಿಗೆ ಬರುತ್ತಾಳೆ. ಅಲ್ಲಿಯ ಗದ್ದುಗೆಯಲ್ಲಿ ಗುರುವಾರದಿಂದ ಸೇವೆ. ಮುಂದಿನ ಬುಧವಾರದವರೆಗೆ ಹಣ್ಣುಕಾಯಿ, ಉಡಿ, ಹರಕೆ, ತುಲಾಭಾರ. ಸುತ್ತ ಬಳೆಯಂಗಡಿ, ತೊಟ್ಟಿಲು, ನಾಟಕ ಕಂಪನಿಗಳ ಟೆಂಟು, ಯಕ್ಷಗಾನ. ಅಡಿಕೆ ಕೊಯ್ಲಿನ ದುಡ್ಡು ಕೈಗೆ ಬಂದ ಹೊತ್ತು ಅದು. ದೇವಿಗೆ ತಿಥಿ ನೋಡಿದವರು ತೋಟಿಗರ ಜೇಬನ್ನೂ ನೋಡಿಯೇ ನಿಶ್ಚಯಿಸಿರಬೇಕು ಎಂದು ನನಗೆ ಒಳಗೊಳಗೇ ಗುಮಾನಿ. ಕೊನೆಯ ದಿನ ದೇವಿ ಗದ್ದುಗೆಯಿಂದ ಎದ್ದು ಹೊರಡುತ್ತಾಳೆ, ಮಾತಂಗಿದೇವಿಯ ಹೆಸರಲ್ಲಿ ಕಟ್ಟಿದ ಚಪ್ಪರಕ್ಕೆ ಬೆಂಕಿ ಬೀಳುತ್ತದೆ.

ಆ ಬೆಂಕಿಯ ಹಿಂದೆ ಒಂದು ಕತೆಯಿದೆ. ಅದನ್ನು ಹೇಳದೆ ದಾಟಿದರೆ ಈ ಉಪನ್ಯಾಸ ಅಪ್ರಾಮಾಣಿಕವಾಗುತ್ತದೆ. ದಕ್ಷಿಣ ಭಾರತದ ಉದ್ದಕ್ಕೂ ಹಬ್ಬಿರುವ ಕತೆ ಅದು. ಮದ್ರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ 1916ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಗ್ರಾಮದೇವತೆಗಳ ಕುರಿತ ಪುಸ್ತಕದಲ್ಲೂ ಅದರ ಒಂದು ರೂಪ ಸಿಗುತ್ತದೆ. ಹೊಲಗೇರಿಯ ಹುಡುಗನೊಬ್ಬ ಕುಲ ಮರೆಸಿ, ವೇದ ಕಲಿತವನಂತೆ ನಟಿಸಿ ಬ್ರಾಹ್ಮಣರ ಹುಡುಗಿಯನ್ನು ಮದುವೆಯಾಗುತ್ತಾನೆ. ಮಕ್ಕಳೂ ಆಗುತ್ತವೆ. ಒಂದು ದಿನ ಅವನ ತಾಯಿ ಬಂದು ಸೊಸೆಯ ಕೈಯ ಸಿಹಿ ತಿನ್ನುವಾಗ, ಇದು ಕೋಣನ ನಾಲಿಗೆ ತಿಂದ ಹಾಗಿದೆ ಎಂದುಬಿಡುತ್ತಾಳೆ. ಗುಟ್ಟು ಬಯಲಾಗುತ್ತದೆ. ಹೆಂಡತಿ ಉರಿದೆದ್ದು ಮನೆಗೆ ಬೆಂಕಿಯಿಟ್ಟು ಮಾರಿಯಾಗುತ್ತಾಳೆ, ಗಂಡ ಕೋಣನಾಗಿ ಹುಟ್ಟುತ್ತಾನೆ, ಮಕ್ಕಳು ಆಡುಕುರಿಗಳಾಗುತ್ತಾರೆ. ವರ್ಷವರ್ಷ ಅವರನ್ನು ಕಡಿಯುವುದು ಆ ಸಿಟ್ಟಿನ ಶಾಂತಿ.

ಇದು ಜಾತಿ ದಾಟಿದವರಿಗೆ ಹಾಕಿದ ಬೆದರಿಕೆ. ಬೇರೆ ಹೆಸರಿಟ್ಟು ಇದನ್ನು ಮೆದು ಮಾಡಲು ನಾನು ಒಪ್ಪುವುದಿಲ್ಲ. ಮಹಿಷಾಸುರನ ಪುರಾಣವನ್ನು ಮೇಲೆ ಹೊದಿಸಿದರೂ ಅಡಿಯಲ್ಲಿ ಉರಿಯುವುದು ಗುಡಿಸಲೇ. ಇದರಲ್ಲಿ ಇನ್ನೂ ಒಂದು ವಿಚಿತ್ರವಿದೆ. ಕತೆಯಲ್ಲಿ ಅಪರಾಧಿಯಾದ ಕೇರಿಯಿಂದಲೇ ಆಚರಣೆಯ ಅತಿಮುಖ್ಯ ಪಾತ್ರಧಾರಿಗಳು ಬರುತ್ತಾರೆ. ಅಸಾದಿಗಳು ದೇವಿಯ ಎದುರು ಹಾಡುತ್ತಾರೆ, ಅವಳನ್ನು ಹಾಡಿನಲ್ಲೇ ಬೈಯುತ್ತಾರೆ, ಊರಿನ ಗೌಡ, ಶಾನುಭೋಗ ಯಾರನ್ನೂ ಬಿಡುವುದಿಲ್ಲ. ಉಳಿದ ದಿನ ದೂರ ನಿಲ್ಲಬೇಕಾದವರಿಗೆ ಆ ರಾತ್ರಿ ಬಾಯಿ ಬಿಚ್ಚುವ ಹಕ್ಕು. ಕೆಲವು ವಿದ್ವಾಂಸರು ಇದನ್ನು ಪ್ರತಿರೋಧ ಎಂದು ಹೊಗಳುತ್ತಾರೆ. ಒಂದು ರಾತ್ರಿ ಬೈಯಲು ಬಿಟ್ಟು ಉಳಿದ ದಿನಗಳನ್ನೆಲ್ಲ ಹಾಗೇ ಇಟ್ಟುಕೊಳ್ಳುವ ಉಪಾಯ ಎಂದೂ ಅದನ್ನು ಓದಬಹುದು. ನನಗೆ ಎರಡನೆಯ ಓದು ಹೆಚ್ಚು ನಿಜವೆನ್ನಿಸುತ್ತದೆ. ಆದರೆ ಆ ಹಾಡುಗಳಲ್ಲಿರುವ ನಗೆ ಎರಡು ಓದಿಗೂ ಸಿಗದೆ ಜಾರುತ್ತದೆ ಎಂಬುದನ್ನೂ ಹೇಳಬೇಕು.

ಬಾಬುಗಳ ಹಂಚಿಕೆಯನ್ನು ನಾನು ಹೊಗಳಿದೆ. ಅದರ ಇನ್ನೊಂದು ಮುಖ ಇದು. ಎಲ್ಲರಿಗೂ ಒಂದು ಸ್ಥಾನ ಕೊಟ್ಟ ವ್ಯವಸ್ಥೆಯೇ ಆ ಸ್ಥಾನ ಗರ್ಭಗುಡಿಯಿಂದ ಎಷ್ಟು ದೂರ ಎಂಬುದನ್ನೂ ಗೊತ್ತುಮಾಡಿತ್ತು. ಹಾಗಿರುವಾಗ ಕಳಚಿ ಕೂಡಿಸುವ ಕೆಲಸ ವಿಗ್ರಹಕ್ಕೆ ಮಾತ್ರ ನಿಲ್ಲಬಾರದಲ್ಲ. ಶಿರಸಿಯಲ್ಲಿ ಅದು ನಿಲ್ಲಲೂ ಇಲ್ಲ.

ಗಾಂಧೀಜಿಯವರು ಹರಿಜನ ಯಾತ್ರೆಯಲ್ಲಿ 1934ರ ಫೆಬ್ರವರಿ ಕೊನೆಗೆ ಉತ್ತರ ಕನ್ನಡಕ್ಕೆ ಬಂದರು. ಕಾಯಿದೆಭಂಗ, ಕರನಿರಾಕರಣೆಯಲ್ಲಿ ಮನೆ ಹೊಲ ಕಳೆದುಕೊಂಡ ರೈತರ ಸೀಮೆ ಅದು. ಅಂಕೋಲೆ, ಸಿದ್ದಾಪುರಗಳ ಹೆಸರು ಆಗ ದೇಶಕ್ಕೆ ಪರಿಚಿತ. ಶಿರಸಿಯಲ್ಲಿ ಕೋಣನ ಬಲಿ ನಿಂತ ಕತೆ ಆ ಯಾತ್ರೆಯ ಜತೆ ಹೆಣೆದುಕೊಂಡಿದೆ. ಪ್ರಾಣಿಬಲಿ ಮತ್ತು ಅಸ್ಪೃಶ್ಯರಿಗೆ ಬಾಗಿಲು, ಇವೆರಡನ್ನೂ ಒಟ್ಟಿಗೆ ಎತ್ತಿದವರು ಗುಡಿಯ ಒಳಗೇ ಇದ್ದ ಗಾಂಧಿವಾದಿಗಳು, ಊರಿನ ಮೇಷ್ಟರು, ಧರ್ಮದರ್ಶಿಗಳು. ಬಲಿ ನಿಂತಿತು. ಆದರೆ ಕೋಣವನ್ನು ಬಿಡಲಿಲ್ಲ. ದೇವಿಗೆ ಇವತ್ತಿಗೂ ಪಟ್ಟದ ಕೋಣವಿದೆ, ಅದನ್ನು ಗುಡಿಯಲ್ಲಿ ಸಾಕುತ್ತಾರೆ, ಜಾತ್ರೆಯ ಶಾಸ್ತ್ರಗಳಲ್ಲಿ ಅದರ ಪಾತ್ರ ಹಾಗೇ ಇದೆ. ಕತ್ತಿ ಮಾತ್ರ ಹೋಯಿತು. ಇನ್ನು ಇಪ್ಪತ್ತೈದು ವರ್ಷ ಕಳೆದ ಮೇಲೆ, 1959ರಲ್ಲಿ, ರಾಜ್ಯಕ್ಕೆ ಪ್ರಾಣಿಬಲಿ ನಿಷೇಧದ ಕಾಯಿದೆ ಬಂತು. ಕಾಯಿದೆ ಬಂದರೂ ಎಷ್ಟೋ ಊರಲ್ಲಿ ಪೊಲೀಸರು ನಿಂತ ಕಡೆ ಬಿಟ್ಟು ಇನ್ನೊಂದು ಕಡೆ ಬಲಿ ನಡೆಯಿತು, ನಡೆಯುತ್ತಲೂ ಇದೆ. ಶಿರಸಿಯಲ್ಲಿ ಆ ಪ್ರಸಂಗವೇ ಬರಲಿಲ್ಲ.

ಹೋಲಿಕೆಗೆ ಹತ್ತಿರದ ಚಂದ್ರಗುತ್ತಿಯನ್ನು ನೋಡಿ. ಕತೆಯಲ್ಲಿ ನಮ್ಮ ಭಕ್ತ ಜಗಳವಾಡಿ ಬಿಟ್ಟುಬಂದ ಚಂದ್ರಗುತ್ತಿಯೇ, ಸೊರಬ ತಾಲ್ಲೂಕಿನ ರೇಣುಕಾಂಬೆಯ ಗುಡ್ಡ. ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡ್ಡ ಹತ್ತುವ ಹರಕೆ ಅಲ್ಲಿತ್ತು, ಹರಕೆ ಹೊರುತ್ತಿದ್ದವರಲ್ಲಿ ಬಹಳ ಮಂದಿ ಬಡ ದಲಿತ ಹೆಂಗಸರು. 1986ರ ಮಾರ್ಚಿನಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ, ಪತ್ರಕರ್ತರ ಮೇಲೆ ಜನ ತಿರುಗಿಬಿದ್ದರು. ಪೊಲೀಸರ ಬಟ್ಟೆಯನ್ನೇ ಬಿಚ್ಚಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಲೇಖಕ ಯು. ಆರ್. ಅನಂತಮೂರ್ತಿಯವರು ಬರೆದ ‘ಬೆತ್ತಲೆ ಪೂಜೆ ಯಾಕೆ ಕೂಡದು?’ ಎಂಬ ಲೇಖನ ನಮ್ಮಲ್ಲಿ ವರ್ಷಗಟ್ಟಲೆ ಜಗಳಕ್ಕೆ ಕಾರಣವಾಯಿತು. ನಾನು ನಿಷೇಧದ ಪರವೇ. ಹರಕೆಯ ಹೆಸರಲ್ಲಿ ಹೆಣ್ಣಿನ ಮೈ ಜಾತ್ರೆಯ ನೋಟವಾಗುವುದು ಯಾವ ದೇವಿಗೂ ಬೇಡ. ಆದರೆ ಶಿರಸಿಯಲ್ಲಿ ಒಂದು ಆಚರಣೆ ತನ್ನ ಮೂಳೆಯನ್ನು ತಾನೇ ಮುರಿದು ಹೊಸದಾಗಿ ಕಟ್ಟಿಕೊಂಡಿತು, ಚಂದ್ರಗುತ್ತಿಯಲ್ಲಿ ಹೊರಗಿನವರು ಬಂದು ಮುರಿಯಬೇಕಾಯಿತು. ಎರಡೂ ಊರಿನ ನಡುವೆ ಅಂತರವೇನೂ ದೊಡ್ಡದಲ್ಲ. ಒಂದು ಕಡೆ ಪೇಟೆಯಿತ್ತು, ಶಾಲೆಯಿತ್ತು, ಚಳವಳಿಯಿತ್ತು. ಇನ್ನೊಂದು ಕಡೆ ಹರಕೆ ಹೊತ್ತವರು ದೂರದೂರದಿಂದ ಬಂದು ಹೋಗುವವರು, ಗುಡಿಯ ನಿರ್ಧಾರದಲ್ಲಿ ಅವರ ಮಾತೇ ಇರಲಿಲ್ಲ.

ಮಾರಿಯ ಬಗ್ಗೆ ಮಾತೆತ್ತಿದರೆ ಸಿಡುಬು, ಕಾಲರಾ, ಪ್ಲೇಗು ಬಂದೇ ಬರುತ್ತವೆ. ರೋಗದ ಭಯವೇ ದೇವಿಯಾಯಿತು ಎಂಬುದು ಪಠ್ಯಪುಸ್ತಕದ ವಿವರಣೆ. ಅದರಲ್ಲಿ ಹುರುಳಿಲ್ಲವೆಂದಲ್ಲ, ಬೆಂಗಳೂರಿನಲ್ಲಿ ಪ್ಲೇಗಿನ ಮಾರಮ್ಮನಿಗೇ ಗುಡಿಗಳಿವೆ. ಆದರೆ ಸಿಡುಬಿನ ಕೊನೆಯ ರೋಗಿ ನಮ್ಮ ದೇಶದಲ್ಲಿ ಕಂಡದ್ದು 1975ರಲ್ಲಿ. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತು ಎಂದು ಘೋಷಿಸಿದರು. ರೋಗ ಹೋಗಿ ಇಷ್ಟು ವರ್ಷವಾಯಿತು, ಜಾತ್ರೆ ಬೆಳೆಯುತ್ತಲೇ ಇದೆ. ಭಯ ಹೋದ ಮೇಲೂ ಜನ ಬರುತ್ತಾರೆಂದರೆ ಅವರನ್ನು ಕರೆಯುತ್ತಿರುವುದು ಭಯವಲ್ಲದ ಇನ್ನೇನೋ ಇರಬೇಕು. ಹೊಸ ರೋಗ ಬಂದಾಗಲೂ ನೋಡಿದೆವು. 2020ರ ಜಾತ್ರೆ ಮಾರ್ಚ್ ಮೊದಲಲ್ಲೇ ನಡೆದು ಮುಗಿದಿತ್ತು. ಪುನಃಪ್ರತಿಷ್ಠೆಗೆ ಗೊತ್ತಾದ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ, ಇಡೀ ದೇಶ ಬಾಗಿಲು ಹಾಕಿಕೊಂಡ ಮೊದಲ ದಿನ. ಮಾರಿಯ ಗುಡಿಗೇ ರೋಗದ ಕಾರಣಕ್ಕೆ ಜನ ಬರುವಂತಿರಲಿಲ್ಲ! ಹಳೆಯ ಅಸಾದಿಯೊಬ್ಬ ಬದುಕಿದ್ದರೆ ಇದರ ಮೇಲೆ ಒಂದು ಬೈಗುಳದ ಹಾಡನ್ನೇ ಕಟ್ಟುತ್ತಿದ್ದ.

ಇಷ್ಟು ಹೊತ್ತು ಉಳಿದದ್ದರ ಮಾತಾಡಿದೆ. ಅಳಿದ ಒಂದನ್ನು ಈಗ ಹೇಳುತ್ತೇನೆ. ನನ್ನ ವಾದಕ್ಕೆ ಅದೇ ಗಟ್ಟಿ ಸಾಕ್ಷಿ.

ಮಾರಿಕಾಂಬಾ ಗುಡಿಯ ಒಳ ಪ್ರಾಕಾರದ ಗೋಡೆಗಳ ಮೇಲೆ ಕಾವಿ ಚಿತ್ರಗಳಿದ್ದವು. ಕೊಂಕಣ ತೀರದ, ಗೋವೆಯಿಂದ ನಮ್ಮ ಕರಾವಳಿಯವರೆಗಿನ ಕಲೆ ಅದು. ಸುಣ್ಣದ ಬಿಳಿ ಗಾರೆಯ ಮೇಲೆ ಹುರುಮಂಜಿಯ ಕೆಂಪು ಲೇಪ. ಗಾರೆ ಹಸಿಯಿರುವಾಗಲೇ ಮೊನಚಾದ ಉಪಕರಣದಿಂದ ಕೆಂಪನ್ನು ಕೆರೆದು ತೆಗೆದರೆ ಅಡಿಯ ಬಿಳಿ ಚಿತ್ರವಾಗಿ ಮೂಡುತ್ತದೆ. ಎರಡೇ ಬಣ್ಣ, ಅಷ್ಟರಲ್ಲೇ ರಾಮಾಯಣ, ಮಹಾಭಾರತ, ಬಳ್ಳಿ, ಹಕ್ಕಿ. ಒಮ್ಮೆ ಕೆರೆದದ್ದನ್ನು ಮತ್ತೆ ತಿದ್ದುವಂತಿಲ್ಲ. ಕೈ ತಪ್ಪಿದರೆ ಗಾರೆಯನ್ನೇ ಒಡೆಯಬೇಕು. ಹೊನ್ನಾವರದ ಕೃಷ್ಣಾನಂದ ಕಾಮತರು ಕ್ಯಾಮೆರಾ ಹೆಗಲಿಗೇರಿಸಿಕೊಂಡು ತೀರದುದ್ದಕ್ಕೂ ಅಲೆದು ಈ ಚಿತ್ರಗಳನ್ನು ದಾಖಲಿಸದಿದ್ದರೆ ನಮಗೆ ಇಂಥದೊಂದು ಇತ್ತು ಎಂಬುದೂ ಮರೆಯುತ್ತಿತ್ತು. ಶಿರಸಿಯ ಗುಡಿಯಲ್ಲಿ ನಡೆದ ನವೀಕರಣಗಳಲ್ಲಿ ಅವುಗಳ ಬಹುಭಾಗ ಹೋಯಿತು.

ಸಾಮಾನ್ಯವಾಗಿ ಇಂಥ ಕಡೆ ಆಡಳಿತವನ್ನು ಬೈದು ಮುಂದೆ ಹೋಗುತ್ತೇವೆ. ಸ್ವಲ್ಪ ನಿಂತು ಯೋಚಿಸಿ. ಅದೇ ಗುಡಿ, ಅದೇ ಊರು, ಅದೇ ಜನ. ಹುಳ ಹಿಡಿಯುವ ಮರ, ಸಿಪ್ಪೆಯೇಳುವ ಬಣ್ಣ ಮುನ್ನೂರು ವರ್ಷ ದಾಟಿ ಬಂದಿವೆ. ಗಟ್ಟಿಯಾದ ಗೋಡೆಯ ಮೇಲೆ ಗಟ್ಟಿಯಾದ ಗಾರೆಯಲ್ಲಿ ಕೊರೆದದ್ದು ಹೋಗಿದೆ. ಯಾಕೆ? ಬಣ್ಣ ಹಚ್ಚುವುದು ಯಾರದೋ ಬಾಬು. ಎರಡು ವರ್ಷಕ್ಕೊಮ್ಮೆ ಅವರು ಬರಲೇಬೇಕು, ಮಗನಿಗೆ ಕಲಿಸಲೇಬೇಕು. ಕಾವಿ ಚಿತ್ರ ಯಾರ ಬಾಬೂ ಆಗಿರಲಿಲ್ಲ. ಒಮ್ಮೆ ಬರೆದು ಹೋದರು, ಅದು ತಾನಾಗಿ ಉಳಿಯುತ್ತದೆ ಎಂದು ಎಲ್ಲರೂ ನಂಬಿದರು. ತಾನಾಗಿ ಉಳಿಯುವಂತಿದ್ದುದರಿಂದಲೇ ಅದನ್ನು ಬಲ್ಲ ಕೈಗಳು ಬೇಡವಾದವು. ಗೋಡೆ ಒಡೆಯುವ ಹೊತ್ತಿಗೆ, ಹೋದರೆ ಹೋಗಲಿ, ಮತ್ತೆ ಬರೆಯೋಣ ಎನ್ನಬಲ್ಲವರು ಊರಲ್ಲಿ ಒಬ್ಬರೂ ಇರಲಿಲ್ಲ. ಸಂರಕ್ಷಣೆ ಎಂದು ನಾವು ಇವತ್ತು ಗಾಜಿನ ಚೌಕಟ್ಟು, ಬೇಲಿ, ಫಲಕಗಳಿಗೆ ಖರ್ಚು ಮಾಡುವ ಹಣದಲ್ಲಿ ಅರ್ಧವನ್ನಾದರೂ ಕಾವಿ ಬರೆಯುವ ಇಬ್ಬರು ಹುಡುಗರನ್ನು ತಯಾರು ಮಾಡಲು ಕೊಡಬಹುದಿತ್ತು. ಸಂದರ್ಭ ಇನ್ನೂ ಮೀರಿಲ್ಲ, ತಂತ್ರ ಗೊತ್ತಿದೆ, ಸುಣ್ಣ ಸಿಗುತ್ತದೆ, ಹುರುಮಂಜಿಗೂ ಬರವಿಲ್ಲ.

ಜಾತ್ರೆ ಎಂಬುದು ಊರಿನ ಕಾಲವನ್ನೇ ಹೇಗೆ ಹಿಡಿದಿದೆ ಎಂಬುದಕ್ಕೆ ಇನ್ನೊಂದು ಮಾತು. ಹೋಳಿಯ ರಾತ್ರಿಗಳಲ್ಲಿ ಶಿರಸಿಯಲ್ಲಿ ಬೇಡರ ವೇಷ ಕುಣಿಯುತ್ತದೆ. ನವಿಲುಗರಿ, ಕತ್ತಿ, ತಮಟೆ. ವೇಷಧಾರಿ ರೋಷದಿಂದ ಮುನ್ನುಗ್ಗುವಾಗ ಹಿಂದಿನಿಂದ ಹಗ್ಗ ಹಿಡಿದವರು ಎಳೆದು ನಿಲ್ಲಿಸಬೇಕು. ಅದು ನಡೆಯುವುದು ಜಾತ್ರೆಯಿಲ್ಲದ ವರ್ಷ ಮಾತ್ರ. ಹೀಗೆ ಶಿರಸಿಯ ಮಕ್ಕಳಿಗೆ ವರ್ಷಗಳಲ್ಲಿ ಎರಡೇ ಜಾತಿ: ಒಂದು ಅಮ್ಮನ ವರ್ಷ, ಒಂದು ಬೇಡರ ವರ್ಷ.

ಇನ್ನು ಮುಂದಿನ ಕೆಲಸ. ರಥ ಎಳೆಯುವಾಗ ಈಗ ಮೇಲೆತ್ತಿದ ಮೊಬೈಲುಗಳದೇ ಒಂದು ಕಾಡು. ಆ ದೃಶ್ಯ ಸಾವಿರ ಕೋನದಿಂದ ದಾಖಲಾಗಿದೆ, ಅದರ ಚಿಂತೆ ಬೇಡ. ದಾಖಲಾಗದೆ ಇರುವುದು ಹಗಲು ಕಾಣದ ಭಾಗ. ರಥಕ್ಕೆ ಎಂಥ ಮರ ಆರಿಸುತ್ತಾರೆ, ಯಾವುದನ್ನು ಬಿಡುತ್ತಾರೆ, ಯಾಕೆ? ಕೈ ಮುಂಡಕ್ಕೆ ಕೂಡುವ ಕೀಲು ಹೇಗಿದೆ? ಹಿಂದೆ ಯಾವ ಬಣ್ಣ, ಈಗ ಯಾವುದು, ಯಾವಾಗ ಬದಲಾಯಿತು? ಬಾಬುದಾರರ ಮನೆಗಳಲ್ಲಿ ಇವತ್ತಿನ ಹುಡುಗರು ಬೆಂಗಳೂರು ಸೇರಿದ ಮೇಲೆ ಬಾಬು ಯಾರು ನಡೆಸುತ್ತಿದ್ದಾರೆ? ಹೆಣ್ಣುಮಕ್ಕಳಷ್ಟೇ ಇರುವ ಮನೆಯ ಬಾಬು ಎಲ್ಲಿಗೆ ಹೋಗುತ್ತದೆ? ಈ ಕೊನೆಯ ಪ್ರಶ್ನೆಯನ್ನು ಕೇಳಿದರೆ ಅನೇಕರು ಮಾತು ಬದಲಿಸುತ್ತಾರೆ.

ಎಲ್ಲಕ್ಕಿಂತ ತೊಡಕಿನದು ಅಸಾದಿ ಹಾಡುಗಳು. ಜಾನಪದ ಸಂಗ್ರಹಕಾರರು ಅವುಗಳನ್ನು ಅಚ್ಚಿಗೆ ಹಾಕುವಾಗ ಬೈಗುಳ ತೆಗೆದು ಭಕ್ತಿ ಉಳಿಸುತ್ತಾರೆ. ಹಾಗೆ ತೊಳೆದ ಮೇಲೆ ಉಳಿಯುವುದು ಯಾವ ಭಜನೆಗೂ ಸಲ್ಲುವ ನಾಲ್ಕು ಸಾಲು. ಬೈಗುಳ ಸಮೇತ ಅಚ್ಚು ಹಾಕಿದರೆ ಅದು ಹಾಡಿದವರ ಮಕ್ಕಳಿಗೆ ಶಾಲೆಯಲ್ಲಿ, ಕಚೇರಿಯಲ್ಲಿ ಹಳೆಯ ಗುರುತನ್ನು ಮತ್ತೆ ಅಂಟಿಸಬಹುದು. ಆ ಮನೆಗಳ ಎಷ್ಟೋ ಯುವಕರು ಈ ಬಾಬೇ ನಮಗೆ ಬೇಡ ಎಂದು ಹೊರಬಂದಿದ್ದಾರೆ, ಬರುವ ಹಕ್ಕು ಅವರಿಗಿದೆ. ಪರಂಪರೆ ಉಳಿಯಲಿ ಎಂದು ಅವರನ್ನು ಒತ್ತಾಯಿಸಲು ನಮಗೆ ಯಾವ ಅಧಿಕಾರವೂ ಇಲ್ಲ. ಹಾಗಾಗಿ ದಾಖಲೆಗೆ ಹೊರಡುವವರು ಮೊದಲು ಕೇಳಬೇಕಾದದ್ದು ಒಪ್ಪಿಗೆಯನ್ನು, ಗುಡಿಯ ಮಂಡಳಿಯಿಂದಲ್ಲ, ಹಾಡುವ ಮನೆಯಿಂದ. ಯಾವ ಹಾಡು ಹೊರಗೆ ಹೋಗಬಹುದು, ಯಾವುದು ಧ್ವನಿಮುದ್ರಣವಾಗಿ ಅವರ ಮನೆಯಲ್ಲೇ ಇರಬೇಕು, ಯಾವುದನ್ನು ಮುದ್ರಿಸಿಕೊಳ್ಳಲೇಬಾರದು ಎಂದು ಅವರೇ ಹೇಳಲಿ. ಕೆಲವರು ಏನೂ ಬೇಡ ಎನ್ನುತ್ತಾರೆ. ಹಾಗೆಂದರೆ ದಾಖಲೆಯ ಆ ಪುಟದಲ್ಲಿ ಬೇಡ ಎಂದರು ಎಂದು ಬರೆದು, ಯಾಕೆ ಬೇಡವೆಂದರೆಂಬುದನ್ನು ಅವರ ಮಾತಿನಲ್ಲೇ ಕೆಳಗೆ ಸೇರಿಸಿದರಾಯಿತು.